ಪೆನ್ನು ಕೆಳಗಿಟ್ಟ ದಿನ

ಕೇಳುಗರಿಗೆ ನಮಸ್ಕಾರ.

ನನ್ನ ತಮ್ಮನಿಗೆ 34 ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ, ಕಲಿಯುವುದು, ಅರ್ಥ ಮಾಡಿಕೊಳ್ಳುವುದು ನಿಧಾನ. ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದು ಅವನ ಕೆಲಸ, ಒಂದು ದಿನವೂ ತಪ್ಪಿಸಿದವನಲ್ಲ. ಹೋದ ವರ್ಷ ಅವನಿಗೆ ತೊಡೆಸಂದಿಯಲ್ಲಿ ಊತ ಕಾಣಿಸಿಕೊಂಡಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಅವನನ್ನು ಮಲಗಿಸಿ, ಊತ ಮುಟ್ಟಿ ನೋಡುತ್ತಾ ನನ್ನನ್ನು ಕೇಳಿದರು, "ಇವನಿಗೆ ಯಾವಾಗಿಂದ ನೋವು?" ಹರ್ನಿಯಾ, ಆಪರೇಷನ್ ಆಗಬೇಕು ಅಂತ ಹೇಳಿದ್ದೂ ನನಗೇ. ನರ್ಸ್ ಒಪ್ಪಿಗೆ ಪತ್ರ ತಂದು ನನ್ನ ಮುಂದೆ ಇಟ್ಟರು. ನಾನು ಪೆನ್ನು ಹಿಡಿದೂ ಆಗಿತ್ತು. ಅಷ್ಟರಲ್ಲಿ ತಮ್ಮ ನನ್ನ ಸೆರಗು ಜಗ್ಗಿ ಕೇಳಿದ, "ಅಕ್ಕಾ, ನಂಗೇನು ಮಾಡ್ತಾರೆ?"

ಅವನ ಹೊಟ್ಟೆ ಕೊಯ್ಯುವ ಮಾತು ಆಗುತ್ತಿತ್ತು. ಅವನಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಪೆನ್ನು ಕೆಳಗಿಟ್ಟೆ.

ಇಂಥವರ ವಿಷಯದಲ್ಲಿ ಮನೆಯವರ ಸಹಿ ಇದ್ದರೆ ಸಾಕು ಅನ್ನುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಈ ಅಭ್ಯಾಸ ಎಲ್ಲಿಯವರೆಗೆ ಹೋಗಬಹುದು ಗೊತ್ತಾ? 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ, ಅಂದರೆ ನನ್ನ ತಮ್ಮನ ಹಾಗೆ ಬುದ್ಧಿ ಬೆಳವಣಿಗೆ ನಿಧಾನ ಇರುವ, ಹೆಣ್ಣುಮಕ್ಕಳ ಗರ್ಭಕೋಶ ತೆಗೆದರು. ಮುಟ್ಟಿನ ಸಮಯದಲ್ಲಿ ನೋಡಿಕೊಳ್ಳುವುದು ಕಷ್ಟ ಅನ್ನುವುದೇ ಕಾರಣ. ಕಷ್ಟ ನೋಡಿಕೊಳ್ಳುವವರದು, ಗರ್ಭಕೋಶ ಮಾತ್ರ ಆ ಹುಡುಗಿಯರದು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಘಟನೆ 2009ರದು, ಚಂಡೀಗಢದಲ್ಲಿ ನಡೆದದ್ದು. ಹೆತ್ತವರಿಲ್ಲದ ಒಬ್ಬ ಯುವತಿ ಸರ್ಕಾರಿ ಆಶ್ರಯದಲ್ಲಿದ್ದಳು. ಅವಳಿಗೆ ಸೌಮ್ಯ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ ಇತ್ತು. ಅಲ್ಲೇ ಅವಳ ಮೇಲೆ ಅತ್ಯಾಚಾರವಾಗಿ ಬಸುರಿಯಾದಳು. ಅವಳ ಒಳ್ಳೆಯದಕ್ಕೇ ಅಂತ ಹೈಕೋರ್ಟ್ ಗರ್ಭಪಾತಕ್ಕೆ ಆದೇಶ ಕೊಟ್ಟಿತು. ಆದರೆ ತಜ್ಞರು ಅವಳ ಹತ್ತಿರ ಕೂತು ಮಾತಾಡಿದಾಗ, ಮಗು ಬೇಕು ಅಂದಿದ್ದಳು. ಸುಪ್ರೀಂ ಕೋರ್ಟ್ ಆ ಮಾತಿಗೆ ಬೆಲೆ ಕೊಟ್ಟಿತು, ಗರ್ಭಪಾತ ನಿಲ್ಲಿಸಿತು. 1971ರ ಗರ್ಭಪಾತ ಕಾಯ್ದೆಯಲ್ಲಿ ಪೋಷಕರ, ಅಂದರೆ ಕಾನೂನು ಪ್ರಕಾರ ಅವರ ಹೊಣೆ ಹೊತ್ತವರ, ಒಪ್ಪಿಗೆ ಸಾಕು ಅಂತ ಇರುವುದು 18 ತುಂಬದವರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ. ಬೌದ್ಧಿಕ ಅಂಗವೈಕಲ್ಯ ಮಾನಸಿಕ ಕಾಯಿಲೆ ಅಲ್ಲ, ಅವಳು ವಯಸ್ಸಿಗೆ ಬಂದವಳು, ಹಾಗಾಗಿ ಅವಳ ಒಪ್ಪಿಗೆಯೇ ಬೇಕು ಅಂತ ಕೋರ್ಟ್ ಹೇಳಿತು. ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ ಎರಡನ್ನೂ ಒಂದೇ ಅಂದುಕೊಳ್ಳುವ ಡಾಕ್ಟರುಗಳು ಈಗಲೂ ಇದ್ದಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ಸ್ವಂತ ಒಪ್ಪಿಗೆ ಇಲ್ಲದೆ ಯಾರಿಗೂ ಮಕ್ಕಳಾಗದಂತೆ ಆಪರೇಷನ್ ಮಾಡುವ ಹಾಗಿಲ್ಲ. ಪೋಷಕರನ್ನು ನೇಮಿಸಿದರೂ ಅದು ಒಂದು ಗೊತ್ತಾದ ತೀರ್ಮಾನಕ್ಕೆ, ಗೊತ್ತಾದ ಅವಧಿಗೆ ಅಷ್ಟೇ. ಅಲ್ಲೂ ಪೋಷಕರು ಮತ್ತು ಅಂಗವಿಕಲ ವ್ಯಕ್ತಿ ಇಬ್ಬರೂ ಸೇರಿ ತೀರ್ಮಾನ ಮಾಡಬೇಕು, ಆ ವ್ಯಕ್ತಿಯ ಇಷ್ಟದ ಪ್ರಕಾರವೇ ನಡೆಯಬೇಕು.

"ಅವನಿಗೆ ಅರ್ಥ ಆಗಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ಯಾವುದು ಅರ್ಥ ಆಗಲ್ಲ? ಹೇಗೆ ಹೇಳಿದಾಗ ಅರ್ಥ ಆಗಲ್ಲ? ಬ್ಯಾಂಕಿನ ಸಾಲಪತ್ರ ತಿಳಿಯದವನಿಗೆ ಹಲ್ಲು ಕೀಳಿಸುವುದು ತಿಳಿಯಬಹುದು, ಅಲ್ವಾ? ಬೆಳಿಗ್ಗೆ ಗಾಬರಿಯಲ್ಲಿ ತಿಳಿಯದ್ದು ಸಂಜೆ ಊಟವಾದ ಮೇಲೆ ತಿಳಿಯಬಹುದು.

ನಾವು ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ಔಷಧಿ ಚೀಟಿಯ ಹಿಂದೆ ಒಂದು ಹೊಟ್ಟೆ ಬರೆದರು. "ಇಲ್ಲಿ ಒಳಗಿನ ಗೋಡೆ ಸಡಿಲ ಆಗಿದೆ, ಅದಕ್ಕೇ ಉಬ್ಬಿದೆ. ಮಂಪರು ಬರೋ ಇಂಜೆಕ್ಷನ್ ಕೊಟ್ಟು ಹೊಲಿತೀವಿ. ಎದ್ದಮೇಲೆ ಸ್ವಲ್ಪ ನೋಯುತ್ತೆ." ಇಷ್ಟು ಹೇಳಿ ಸುಮ್ಮನೆ ಕೂತರು. ಅವನು ಉತ್ತರ ಕೊಡಲು ಹೊತ್ತು ತೆಗೆದುಕೊಳ್ಳುತ್ತಾನೆ. ನಾನು ಬಾಯಿ ಹಾಕಲು ಹೋದೆ. ಅವರು ಕೈ ಎತ್ತಿ ತಡೆದರು.

ಆಮೇಲೆ ಅವನು ಕೇಳಿದ, "ಹಾಲಿನ ಕ್ಯಾನ್ ಎತ್ತಬಹುದಾ?"

ನನಗೆ ಹೊಳೆಯದೇ ಇದ್ದ ಪ್ರಶ್ನೆ ಅದು. ಒಂದೂವರೆ ತಿಂಗಳು ಭಾರ ಎತ್ತಬಾರದು ಅಂದರು. ಅವನು ಯೋಚಿಸಿ "ದೀಪಾವಳಿ ಆದ್ಮೇಲೆ ಮಾಡಿ" ಅಂದ. ಹಬ್ಬಕ್ಕೆ ಭಾವ ಬರುತ್ತಾರೆ, ಕ್ಯಾನ್ ಎತ್ತಲು ಆಳು ಸಿಗುತ್ತದೆ ಅನ್ನುವುದು ಅವನ ಲೆಕ್ಕ. ಅವಸರ ಇಲ್ಲ, ಕಾಯಬಹುದು, ಆದರೆ ಜೋರು ನೋವು, ವಾಂತಿ ಬಂದರೆ ತಕ್ಷಣ ಬಾ ಅಂತ ಡಾಕ್ಟರಮ್ಮ ಅವನಿಗೇ ಹೇಳಿದರು. ಹೇಳಿದ್ದನ್ನು ಅವನ ಬಾಯಲ್ಲೇ ಇನ್ನೊಮ್ಮೆ ಹೇಳಿಸಿದರು.

ಎಲ್ಲರೂ ನನ್ನ ತಮ್ಮನ ಹಾಗೆ ಮಾತಾಡಲಾರರು. ಕೆಲವರು ಕೈ ಚಾಚಿ ಹೂಂ ಅನ್ನುತ್ತಾರೆ, ಮುಖ ತಿರುಗಿಸಿ ಬೇಡ ಅನ್ನುತ್ತಾರೆ. ಅದು ಅವರ ಅಮ್ಮಂದಿರಿಗೆ ಗೊತ್ತು. ಡಾಕ್ಟರು ಅವರಿಂದ ಆ ಭಾಷೆ ಕಲಿಯಬೇಕು. ಜೀವಕ್ಕೆ ಅಪಾಯ ಇದ್ದಾಗ ಒಪ್ಪಿಗೆಗೆ ಕಾಯುತ್ತಾ ಕೂರುವ ಹಾಗಿಲ್ಲ, ಅದು ನಿಜ. ಆದರೆ ಹೆಚ್ಚಿನ ಸಲ ಐದು ನಿಮಿಷ ಕೂತು ಹೇಳುವಷ್ಟು ಸಮಯ ಇದ್ದೇ ಇರುತ್ತದೆ.

ದೀಪಾವಳಿ ಮುಗಿದ ಮೂರನೇ ದಿನ ಅವನೇ ಬ್ಯಾಗ್ ತುಂಬಿಕೊಂಡ. ಒಪ್ಪಿಗೆ ಪತ್ರದಲ್ಲಿ ತನ್ನ ಹೆಸರಿನ ಮೂರು ಅಕ್ಷರ ಬರೆಯಲು ಎರಡು ನಿಮಿಷ ತೆಗೆದುಕೊಂಡ. ಕೆಳಗಡೆ, ಸಾಕ್ಷಿ ಅಂತ ಇದ್ದ ಜಾಗದಲ್ಲಿ, ನಾನು ಸಹಿ ಹಾಕಿದೆ.

ನಮಸ್ಕಾರ.