ಮಳೆ ಬಿದ್ದ ಗಲ್ಲಿಯಲ್ಲಿ ಜಿಗ್ಗಿ

ಕೇಳುಗರಿಗೆ ನಮಸ್ಕಾರ.

ಒಂದು ಗಲ್ಲಿಯಿಂದ ಶುರು ಮಾಡೋಣ. ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಅಂದರೆ ಥಳಕಿನ ಅಂಗಡಿಗಳ ಬೀದಿ. ಅದರ ಬೆನ್ನಿಗೇ ಹೆಡನ್ ಸ್ಟ್ರೀಟ್ ಅಂತ ಒಂದು ಪುಟ್ಟ ಓಣಿ. 1972ರ ಜನವರಿಯ ಒಂದು ರಾತ್ರಿ. ಚಳಿ, ಜೊತೆಗೆ ಮಳೆ. ಒಂದು ಕಡೆ ರಟ್ಟಿನ ಪೆಟ್ಟಿಗೆಗಳ ರಾಶಿ. ಮೇಲೆ ‘ಕೆ. ವೆಸ್ಟ್’ ಅನ್ನೋ ತುಪ್ಪಳದ ವ್ಯಾಪಾರಿಯ ಫಲಕ. ಅದರ ಕೆಳಗೆ ಒಂದು ಕಾಲನ್ನು ಎತ್ತರಕ್ಕೆ ಊರಿ, ಗಿಟಾರ್ ನೇತುಹಾಕಿಕೊಂಡು ನಿಂತ ಒಬ್ಬ ತೆಳ್ಳನೆಯ ಹುಡುಗ. ಆಗಷ್ಟೇ 25 ತುಂಬಿದೆ. ಹೆಸರು ಡೇವಿಡ್ ಬೋವಿ.

ಬ್ರಯಾನ್ ವಾರ್ಡ್ ತೆಗೆದದ್ದು ಕಪ್ಪು ಬಿಳುಪು ಫೋಟೊ. ಬಣ್ಣ ತುಂಬಿದ್ದು ಆಮೇಲೆ. ಅದಕ್ಕೇ ಏನೋ, ಗಲ್ಲಿ ನಿಜವಾದರೂ ಕನಸಿನಲ್ಲಿ ಕಂಡ ಹಾಗಿದೆ. ಇದೇ ಆ ವರ್ಷದ ಜೂನ್‌ನಲ್ಲಿ ಬಂದ ‘ದ ರೈಸ್ ಅಂಡ್ ಫಾಲ್ ಆಫ್ ಜಿಗ್ಗಿ ಸ್ಟಾರ್‌ಡಸ್ಟ್ ಅಂಡ್ ದ ಸ್ಪೈಡರ್ಸ್ ಫ್ರಮ್ ಮಾರ್ಸ್’ ಆಲ್ಬಮ್ಮಿನ ಮುಖಪುಟ. ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತೆ, ಅಲ್ವಾ? ನಾವು ಸುಮ್ನೆ ಜಿಗ್ಗಿ ಅನ್ನೋಣ.

ಆಗ ಇಂಗ್ಲೆಂಡಿನಲ್ಲಿ ಗ್ಲ್ಯಾಮ್ ರಾಕ್‌ನ ಗಾಳಿ. ಗಂಡಸರು ಮುಖಕ್ಕೆ ಮಿಂಚು ಬಳಿದುಕೊಂಡು, ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡು ಹಾಡುತ್ತಿದ್ದ ಕಾಲ. ಟಿ. ರೆಕ್ಸ್ ಬ್ಯಾಂಡಿನ ಗಾಯಕ ಮಾರ್ಕ್ ಬೋಲನ್ ಆಗಲೇ ಆ ದಾರಿಯಲ್ಲಿ ಮುಂದಿದ್ದ. ಬೋವಿ ಇನ್ನೊಂದು ಹೆಜ್ಜೆ ಇಟ್ಟ. ಬರೀ ವೇಷ ಹಾಕಲಿಲ್ಲ, ವೇಷಕ್ಕೆ ಒಂದು ಹೆಸರನ್ನೂ ಒಂದು ಹಣೆಬರಹವನ್ನೂ ಕೊಟ್ಟ. ಭೂಮಿಗೆ ಉಳಿದಿರೋದು ಐದೇ ವರ್ಷ. ಜಿಗ್ಗಿ ಅನ್ನೋ ರಾಕ್ ಗಾಯಕ ಆಕಾಶದವರ ಸುದ್ದಿ ತರುತ್ತಾನೆ, ಮೆರೆಯುತ್ತಾನೆ, ಮುಗಿದುಹೋಗುತ್ತಾನೆ.

ಕಥೆ ಇಷ್ಟೇ. ನಿಜ ಹೇಳಬೇಕಂದರೆ ಇಷ್ಟೂ ಇಲ್ಲ. 11 ಹಾಡುಗಳನ್ನು ಎಷ್ಟು ಸಲ ಕೇಳಿದರೂ ಕಥೆಯ ದಾರ ಅಲ್ಲಲ್ಲಿ ಕಡಿದೇ ಇರುತ್ತೆ. ‘ಇಟ್ ಏಂಟ್ ಈಸಿ’ ಅಂತೂ ಬೇರೆಯವರು ಬರೆದ ಹಾಡು. ಜಿಗ್ಗಿಗೂ ಅದಕ್ಕೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

ಹಾಗಾದರೆ ಐವತ್ತು ವರ್ಷ ಕಳೆದರೂ ಜನ ಯಾಕೆ ಕೇಳ್ತಾರೆ? ನನ್ನ ಮಟ್ಟಿಗೆ ಉತ್ತರ ಆ ಗಲ್ಲಿಯಲ್ಲೇ ಇದೆ. ಹೇಳೋದೆಲ್ಲ ನಕ್ಷತ್ರಗಳ ಮಾತು. ಮಾಡಿದವರ ಕೈಯಲ್ಲಿ ಮಾತ್ರ ಮಣ್ಣಿನ ವಾಸನೆ.

ಮಾತಿಗೆ ಹೇಳಲಿಲ್ಲ. ಗಿಟಾರ್ ವಾದಕ ಮಿಕ್ ರಾನ್ಸನ್ ಹಲ್ ಊರಿನವನು. ಅಲ್ಲಿನ ನಗರಸಭೆಯ ಮಾಲಿ. 1970ರಲ್ಲಿ ಬೋವಿಯ ಜೊತೆ ನುಡಿಸಲು ಬಾ ಅಂತ ಗೆಳೆಯ ಹುಡುಕಿಕೊಂಡು ಹೋದಾಗ ಆತ ರಗ್ಬಿ ಮೈದಾನಕ್ಕೆ ಗೆರೆ ಎಳೆಯುತ್ತಿದ್ದನಂತೆ! ಅದೇ ಕೈ ‘ಮೂನೇಜ್ ಡೇಡ್ರೀಮ್’ನ ಕೊನೆಯಲ್ಲಿ ಗಿಟಾರನ್ನು ಮುಗಿಲಿಗೆ ಹಾರಿಸುತ್ತೆ. ಪಿಟೀಲು, ಚೆಲ್ಲೋಗಳಿಗೆ ಸ್ವರ ಬರೆದುಕೊಟ್ಟದ್ದೂ ಅವನೇ. ಬೇಸ್ ನುಡಿಸಿದ ಟ್ರೆವರ್ ಬೋಲ್ಡರ್, ಡ್ರಮ್ಸ್‌ನ ವುಡಿ ವುಡ್‌ಮನ್ಸಿ ಕೂಡ ಆ ಕಡೆಯವರೇ. ಬ್ಯಾಂಡಿಗೆ ಮಂಗಳ ಗ್ರಹದ ಜೇಡಗಳು ಅಂತ ಹೆಸರು, ಬಂದದ್ದು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಿಂದ. ಮಿರಮಿರ ಮಿಂಚುವ ಬಟ್ಟೆ ಹಾಕಿಕೊಳ್ಳಲು ಮೊದಮೊದಲು ಅವರಿಗೆ ಮುಜುಗರ.

ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಸೋಹೋದಲ್ಲಿದ್ದ ಟ್ರೈಡೆಂಟ್ ಸ್ಟುಡಿಯೋದಲ್ಲಿ. ಬೋವಿಯ ಜೊತೆ ನಿರ್ಮಾಣಕ್ಕೆ ಕೂತಿದ್ದವರು ಹಿಂದೆ ಬೀಟಲ್ಸ್‌ಗೆ ಎಂಜಿನಿಯರ್ ಆಗಿದ್ದ ಕೆನ್ ಸ್ಕಾಟ್. ಬೋವಿಯ ಹಾಡುಗಾರಿಕೆ ಬಹುಪಾಲು ಮೊದಲ ಟೇಕ್‌ನಲ್ಲೇ ಮುಗಿಯುತ್ತಿತ್ತು ಅಂತ ಸ್ಕಾಟ್ ಹೇಳಿದ್ದಾರೆ. ‘ಫೈವ್ ಇಯರ್ಸ್’ ಕೊನೆಯಲ್ಲಿ ಆ ದನಿ ಕಿತ್ತುಹೋಗುವ ಹಾಗೆ ಕೂಗುತ್ತಲ್ಲ, ಅಲ್ಲಿ ನಯನಾಜೂಕು ಏನೂ ಇಲ್ಲ. ಇದ್ದಿದ್ದರೆ ಕೆಟ್ಟುಹೋಗುತ್ತಿತ್ತು.

ಆಲ್ಬಮ್ ಹೆಚ್ಚುಕಡಿಮೆ ಸಿದ್ಧವಾದ ಮೇಲೆ ಆರ್‌ಸಿಎ ರೆಕಾರ್ಡ್ ಕಂಪನಿಯವರು ತಕರಾರು ತೆಗೆದರು. ಸಿಂಗಲ್ ಆಗಿ, ಅಂದರೆ ಒಂಟಿಯಾಗಿ ಬಿಡುವಂಥ ಹಾಡೇ ಇಲ್ಲವಲ್ಲ ಅಂತ. ಚಕ್ ಬೆರ್ರಿಯ ಒಂದು ಹಾಡನ್ನು ಕೈಬಿಟ್ಟು, ಕೊನೇ ಗಳಿಗೆಯಲ್ಲಿ ‘ಸ್ಟಾರ್‌ಮನ್’ ಸೇರಿಸಿದರು. ಕಂಪನಿಯವರ ಮಾತು ಕೇಳಿ ಕಲೆ ಕೆಟ್ಟಿತು ಅಂತ ನಾವು ಜಾಸ್ತಿ ದೂರುತ್ತೇವೆ. ಒಂದೊಂದು ಸಲ ಅವರೂ ಸರಿ ಇರ್ತಾರೆ ನೋಡಿ.

1972ರ ಜುಲೈ 6, ಗುರುವಾರ. ಬಿಬಿಸಿ ಟಿವಿಯ ‘ಟಾಪ್ ಆಫ್ ದ ಪಾಪ್ಸ್’. ಕೆಂಪು ಕೂದಲು, ಬಣ್ಣಬಣ್ಣದ ಬಿಗಿ ಉಡುಪು, ನೀಲಿ ಗಿಟಾರ್. ಆ ‘ಸ್ಟಾರ್‌ಮನ್’ ಹಾಡುತ್ತಾ ಹಾಡುತ್ತಾ ಬೋವಿ ಸಲೀಸಾಗಿ ರಾನ್ಸನ್‌ನ ಹೆಗಲ ಮೇಲೆ ಕೈ ಹಾಕಿದ. ಇಷ್ಟೇನಾ ಅನ್ನಬೇಡಿ. ಗಂಡು ಗಂಡಿನ ಸಂಬಂಧ ಇಂಗ್ಲೆಂಡಿನಲ್ಲಿ ಅಪರಾಧವಾಗಿದ್ದದ್ದು 1967ರವರೆಗೆ. ಬರೀ ಐದು ವರ್ಷದ ಹಿಂದಿನ ಮಾತು. ಊಟದ ಹೊತ್ತಿನಲ್ಲಿ ಟಿವಿ ಮುಂದೆ ಕೂತಿದ್ದ ಎಷ್ಟೋ ಅಪ್ಪಂದಿರು ಗೊಣಗಿದರು. ಪಕ್ಕದಲ್ಲಿದ್ದ ಮಕ್ಕಳು ಕಣ್ಣು ಮಿಟುಕಿಸಲಿಲ್ಲ. ಯಾರಿಗಾದರೂ ಫೋನ್ ಮಾಡಲೇಬೇಕಿತ್ತು, ನಿನ್ನನ್ನೇ ಆರಿಸಿದೆ ಅನ್ನುವ ಸಾಲು ಬಂದಾಗ ಬೋವಿ ಬೆರಳನ್ನು ಕ್ಯಾಮೆರಾದ ಕಡೆಗೇ ತೋರಿಸಿದ. ಅದು ತನಗೇ ಅಂತ ಅಂದುಕೊಂಡ ಹುಡುಗರಲ್ಲಿ ಕೆಲವರು ಮುಂದೆ ತಾವೇ ಬ್ಯಾಂಡ್ ಕಟ್ಟಿದರು.

ಜಿಗ್ಗಿ ಬಾಳಿದ್ದು ಒಂದು ವರ್ಷದ ಮೇಲೆ ಸ್ವಲ್ಪ. 1973ರ ಜುಲೈ 3ರಂದು ಹ್ಯಾಮರ್‌ಸ್ಮಿತ್ ಓಡಿಯನ್ ರಂಗದ ಮೇಲಿಂದ ಬೋವಿ ಇದೇ ಕೊನೆಯ ಪ್ರದರ್ಶನ ಅಂದುಬಿಟ್ಟ. ಪಕ್ಕದಲ್ಲೇ ಇದ್ದ ಬೋಲ್ಡರ್‌ಗೂ ವುಡ್‌ಮನ್ಸಿಗೂ ಈ ಸುದ್ದಿ ಗೊತ್ತಾದದ್ದು ಜನರ ಜೊತೆಗೇ! ಇದನ್ನು ಜಾಣತನ ಅಂತ ಹೊಗಳುವವರಿದ್ದಾರೆ. ನನಗೆ ಮಾತ್ರ ಆ ಇಬ್ಬರ ಮುಖ ನೆನೆಸಿಕೊಂಡರೆ ಕಸಿವಿಸಿಯಾಗುತ್ತೆ.

ರಾನ್ಸನ್ 1993ರಲ್ಲಿ ಹೋದ. ಬೋವಿ 2016ರ ಜನವರಿಯಲ್ಲಿ. ಕೆ. ವೆಸ್ಟ್ ಫಲಕ ಯಾವತ್ತೋ ಇಳಿಯಿತು. ಆ ಜಾಗದಲ್ಲಿ 2012ರಲ್ಲಿ ಜಿಗ್ಗಿಯ ಹೆಸರಿನ ಫಲಕ ಬಂತು. ಬದುಕಿಯೇ ಇರದ ಒಬ್ಬನಿಗೆ ಸ್ಮಾರಕ! ಜನ ಅಲ್ಲಿಗೆ ಹೋಗಿ, ಒಂದು ಕಾಲು ಎತ್ತಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ.

ಈಗ ಆಲ್ಬಮ್ಮಿನ ಮೊದಲ ಹಾಡು ‘ಫೈವ್ ಇಯರ್ಸ್’ ಕೇಳೋಣ. ಶುರುವಿನಲ್ಲಿ ಏನೂ ಕೇಳಿಸೋದಿಲ್ಲ. ರೇಡಿಯೋ ಕೆಟ್ಟಿತು ಅಂತ ತಟ್ಟಬೇಡಿ. ವುಡ್‌ಮನ್ಸಿಯ ಡ್ರಮ್ಸ್ ದೂರದಿಂದ ಒಬ್ಬರೇ ನಡೆದು ಬಂದ ಹಾಗೆ ಮೆಲ್ಲಗೆ ಹತ್ತಿರ ಬರುತ್ತೆ. ಇನ್ನೊಂದು ಮಾತು. ಇದನ್ನು ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಹಾಕಿ ಕೇಳಬೇಕು ಅಂತ ಆಲ್ಬಮ್ಮಿನ ಹಿಂಬದಿಯಲ್ಲೇ ಅಚ್ಚು ಹಾಕಿದ್ದಾರೆ. ಅಕ್ಕಪಕ್ಕದವರಿಗೆ ಏನು ಹೇಳ್ತೀರೋ ನಿಮಗೆ ಬಿಟ್ಟದ್ದು.