ಊರಲ್ಲೇ ಇದ್ದು ಓದುವ ಸಮಾಜಕಾರ್ಯ

ಕೇಳುಗರಿಗೆಲ್ಲ ನಮಸ್ಕಾರ.

ಡಿಗ್ರಿ ಮುಗಿಸಿ ಊರಲ್ಲೇ ಒಂದು ಕೆಲಸ ಹಿಡಿದು, ಊರಿನ ಕೆಲಸಕ್ಕೂ ಓಡಾಡುವ ಹುಡುಗ ಹುಡುಗಿಯರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರು ಈಗೀಗ ಒಂದು ಪ್ರಶ್ನೆ ಕೇಳುತ್ತಾರೆ. ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮಾಡಬೇಕು, ಇಲ್ಲವೇ ಗ್ರಾಮೀಣಾಭಿವೃದ್ಧಿಯಲ್ಲಿ ಎಂ.ಎ. ಮಾಡಬೇಕು. ಆದರೆ ಎರಡು ವರ್ಷ ಮನೆ ಬಿಟ್ಟು ಹೋಗಲು ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಓದಿದರೆ ಆದೀತೇ? ಜನರನ್ನು ಒಟ್ಟುಗೂಡಿಸುವ ವಿದ್ಯೆಯನ್ನು ಒಬ್ಬರೇ ಮೊಬೈಲ್ ಮುಂದೆ ಕೂತು ಕಲಿಯೋದು ಹೇಗೆ?

ಖಂಡಿತ ಆಗುತ್ತದೆ ಅಂತ ನಾನು ನಂಬಿದ್ದೇನೆ. ಆದರೆ ಒಬ್ಬರೇ ಓದಬಾರದು.

ಇದಕ್ಕೆ ಒಳ್ಳೆಯ ಸಾಕ್ಷಿ ರೇಡಿಯೊದ ಚರಿತ್ರೆಯಲ್ಲೇ ಇದೆ. 1941ರಲ್ಲಿ ಕೆನಡಾದಲ್ಲಿ ರೈತರಿಗಾಗಿ ಒಂದು ರೇಡಿಯೊ ವೇದಿಕೆ ಶುರುವಾಯಿತು. ಅಕ್ಕಪಕ್ಕದ ಮನೆಯವರು ಸಂಜೆ ಒಂದು ಕಡೆ ಸೇರುತ್ತಿದ್ದರು. ಪಾಠದ ಹಾಳೆ ಮೊದಲೇ ಅಂಚೆಯಲ್ಲಿ ಬಂದಿರುತ್ತಿತ್ತು. ಅದನ್ನು ಓದಿ, ರೇಡಿಯೊ ಕೇಳಿ, ಆಮೇಲೆ ಚರ್ಚೆ ಮಾಡಿ, ತಮ್ಮ ಅಭಿಪ್ರಾಯ ಬರೆದು ಕಳಿಸುತ್ತಿದ್ದರು. ಓದಿ, ಕೇಳಿ, ಚರ್ಚಿಸಿ, ಮಾಡಿ. ಇದೇ ಅವರ ಘೋಷವಾಕ್ಯ.

1956ರಲ್ಲಿ ಯುನೆಸ್ಕೊ ನೆರವಿನಿಂದ ಇದೇ ಪ್ರಯೋಗ ನಮ್ಮ ಪಕ್ಕದ ಪುಣೆಗೆ ಬಂತು. ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ವಾರಕ್ಕೆರಡು ಸಲ, ಅರ್ಧ ಗಂಟೆಯ ಕಾರ್ಯಕ್ರಮ. ಒಟ್ಟು 20 ಕಾರ್ಯಕ್ರಮಗಳು. ಫಲ ಏನಾಯಿತು ಅಂತ ಅಳೆದದ್ದು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1936ರಲ್ಲಿ ಶುರುವಾದ ಆ ಸಂಸ್ಥೆಯೇ ನಮ್ಮ ದೇಶದಲ್ಲಿ ಸಮಾಜಕಾರ್ಯ ಕಲಿಸಿದ ಮೊದಲ ಶಾಲೆ.

ಅವರು ಒಂದು ಜಾಣತನ ಮಾಡಿದರು. ವೇದಿಕೆ ಇದ್ದ ಹಳ್ಳಿಗಳನ್ನು ಮಾತ್ರ ನೋಡಲಿಲ್ಲ. ರೇಡಿಯೊ ಇದ್ದೂ ವೇದಿಕೆ ಇಲ್ಲದ ಹಳ್ಳಿಗಳನ್ನು, ರೇಡಿಯೊನೇ ಇಲ್ಲದ ಹಳ್ಳಿಗಳನ್ನು ಕೂಡ ನೋಡಿದರು. ಜನ ಸೇರಿ ಕೇಳಿ ಮಾತಾಡಿದ ಹಳ್ಳಿಗಳಲ್ಲಿ ತಿಳಿವಳಿಕೆ ಚೆನ್ನಾಗಿ ಹೆಚ್ಚಿತ್ತು. ಸುಮ್ನೆ ರೇಡಿಯೊ ಮಾತ್ರ ಇದ್ದ ಕಡೆ ಅಷ್ಟು ಹೆಚ್ಚಿರಲಿಲ್ಲ. ಕೆಲವು ವೇದಿಕೆಗಳು ಮಾತು ಮುಗಿಸಿ ಬಾವಿ ತೋಡುವ, ಬಾಲವಾಡಿ ತೆರೆಯುವ ಕೆಲಸಕ್ಕೂ ಇಳಿದವು. ಪಾಠ ಹೇಳುವವರು ದೂರದಲ್ಲಿದ್ದರೂ ಪರವಾಗಿಲ್ಲ, ಕೇಳುವವರು ಒಟ್ಟಿಗೆ ಇರಬೇಕು ಅಂತ ಅಂದೇ ಗೊತ್ತಾಗಿತ್ತು.

ಹಾಗಾಗಿ ಆನ್‌ಲೈನ್ ಎಂಎಸ್‌ಡಬ್ಲ್ಯುಗೆ ಸೇರುವವರಿಗೆ ನಾನು ಹೇಳುವುದಿಷ್ಟು. ಫೀಸು ಕಟ್ಟುವ ಮೊದಲೇ ಊರಲ್ಲಿ ನಾಲ್ಕು ಜನರನ್ನು ಜೊತೆ ಮಾಡಿಕೊಳ್ಳಿ. ಅವರು ವಿದ್ಯಾರ್ಥಿಗಳೇ ಆಗಿರಬೇಕಿಲ್ಲ. ಅಂಗನವಾಡಿ ಟೀಚರ್ ಇರಲಿ, ಆಶಾ ಕಾರ್ಯಕರ್ತೆ ಇರಲಿ, ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ಇರಲಿ. ವಾರಕ್ಕೊಮ್ಮೆ ಕೂತು, ನೀವು ಓದಿದ್ದನ್ನು ಅವರಿಗೆ ಕನ್ನಡದಲ್ಲಿ ಹೇಳಿ. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಆ ಅಕ್ಕನಿಗೆ ಅರ್ಥವಾಗುವ ಹಾಗೆ ಹೇಳೋಕೆ ಬಂದರೆ, ನಿಮಗೂ ಅರ್ಥವಾಗಿದೆ ಅಂತ ಲೆಕ್ಕ.

ಒಂದು ಉದಾಹರಣೆ ಕೊಡುತ್ತೇನೆ. 1969ರಲ್ಲಿ ಶೆರ್ರಿ ಅರ್ನ್‌ಸ್ಟೀನ್ ಎಂಬ ಅಮೆರಿಕದ ಮಹಿಳೆ, ಜನರ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಒಂದು ಏಣಿ ಬರೆದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಸುಮ್ಮನೆ ಕರೆದು ಕೂರಿಸುತ್ತಾರೆ. ನಡುವೆ ಅವರ ಮಾತು ಕೇಳುತ್ತಾರೆ, ಆದರೆ ತೀರ್ಮಾನ ಬೇರೆಯವರದು. ಮೇಲಿನ ಮೆಟ್ಟಿಲಲ್ಲಿ ತೀರ್ಮಾನವೇ ಜನರ ಕೈಯಲ್ಲಿ. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಬಹುದು. ಇಲ್ಲವೇ ನಿಮ್ಮ ಗ್ರಾಮಸಭೆಗೆ ತೆಗೆದುಕೊಂಡು ಹೋಗಬಹುದು. ನಮ್ಮ ಪಂಚಾಯತ್ ರಾಜ್ ಕಾನೂನು ಬಂದದ್ದು 1993ರಲ್ಲಿ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಅಂತ ಅದು ಹೇಳುತ್ತದೆ. ಹೋಗಿ ನೋಡಿ. ಯಾರು ಮಾತಾಡಿದರು, ಯಾರು ಬರೀ ಸಹಿ ಹಾಕಿ ಎದ್ದುಹೋದರು? ನಮ್ಮ ಸಭೆ ಯಾವ ಮೆಟ್ಟಿಲಲ್ಲಿದೆ? ನಿಮ್ಮ ನಾಲ್ಕು ಜನರ ಉತ್ತರ ಒಂದೇ ಇರುವುದಿಲ್ಲ. ಅಲ್ಲಿಂದಲೇ ಕಲಿಕೆ ಶುರು.

ಇಲ್ಲಿ ಒಂದು ಕಷ್ಟ ಇದೆ, ಅದನ್ನು ಬಿಡಿಸಿ ಹೇಳಬೇಕು. ಕ್ಯಾಂಪಸ್ಸಿನಿಂದ ಕ್ಷೇತ್ರಕಾರ್ಯಕ್ಕೆ, ಅಂದರೆ ಜನರ ನಡುವೆ ಕೆಲಸ ಮಾಡಿ ಕಲಿಯುವುದಕ್ಕೆ, ಬರುವ ವಿದ್ಯಾರ್ಥಿ ಊರಿಗೆ ಹೊಸಬ. ನೀವು ಹಾಗಲ್ಲ. ನೀವು ಇಂಥವರ ಮನೆ ಮಗಳು, ಇಂಥ ಜಾತಿಯವರು, ಇಂಥ ಪಕ್ಷದವರ ನೆಂಟರು. ನಿಮ್ಮೂರು ನಿಮಗೆ ಗೊತ್ತು ಅನ್ನಿಸುತ್ತದೆ. ಆದರೆ ಹುಟ್ಟಿದಾಗಿನಿಂದ ಕಾಲಿಡದ ಕೇರಿ ಒಂದು ಇರುತ್ತದೆ, ಅಲ್ವಾ? ಅದು ಕಾಣಬೇಕಾದರೆ ಊರಿನ ನಕ್ಷೆಯನ್ನು ಜನರಿಂದಲೇ ಬರೆಸಿ ನೋಡಿ. ಅರಳಿಕಟ್ಟೆಯಲ್ಲಿ ಗಂಡಸರು ಊರಿನ ನಕ್ಷೆ ಬರೆದರೆ ದೇವಸ್ಥಾನ, ಸೊಸೈಟಿ, ಬಸ್‌ಸ್ಟ್ಯಾಂಡ್ ದೊಡ್ಡದಾಗಿ ಬರುತ್ತವೆ. ಹೆಂಗಸರು ಬರೆದರೆ ನೀರಿನ ಟ್ಯಾಂಕು ಬರುತ್ತದೆ, ಬೀದಿದೀಪ ಇಲ್ಲದ ತಿರುವು ಬರುತ್ತದೆ. ಎರಡನ್ನೂ ಬರೆಸಿ. ನೀವೇ ಬರೆಯಬೇಡಿ. ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ನಿಂತುಕೊಳ್ಳಿ.

ಆನ್‌ಲೈನ್ ತರಗತಿ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ನಿಮ್ಮ ಜೊತೆಗೆ ಓದುವವರು ಬೀದರಿನವರು ಇರಬಹುದು, ಮಡಿಕೇರಿಯವರು ಇರಬಹುದು, ಒಡಿಶಾದವರೂ ಇರಬಹುದು. ಅವರಿಗೆ ನಿಮ್ಮೂರಿನ ಮುಲಾಜಿಲ್ಲ. ಆ ನಕ್ಷೆ ತೋರಿಸಿದರೆ, "ಈ ಕೇರಿಗೆ ನಲ್ಲಿ ಯಾಕಿಲ್ಲ?" ಅಂತ ನೇರವಾಗಿ ಕೇಳುತ್ತಾರೆ. ನೀವು ದಿನವೂ ನೋಡಿ ನೋಡಿ ಕೇಳುವುದನ್ನೇ ಬಿಟ್ಟಿದ್ದ ಪ್ರಶ್ನೆ ಅದು. ಅದಕ್ಕೇ ತರಗತಿಯಲ್ಲಿ ಕ್ಯಾಮೆರಾ ಮುಚ್ಚಿಟ್ಟು ಸುಮ್ಮನೆ ಕೂರಬೇಡಿ.

ಕ್ಷೇತ್ರಕಾರ್ಯಕ್ಕೆ ಬರೀ ಸಹಿ ಹಾಕಿಸಿಕೊಂಡು ಮುಗಿಸುವವರು ಇದ್ದಾರೆ. ಕೇಳಿದರೆ ನನಗೆ ಸಂಕಟವಾಗುತ್ತದೆ. ಈ ಓದಿನಲ್ಲಿ ಕ್ಷೇತ್ರಕಾರ್ಯ ತೆಗೆದುಬಿಟ್ಟರೆ ಉಳಿಯುವುದು ಬರೀ ಹಾಳೆ. ನಿಮ್ಮನ್ನು ತಿದ್ದಬಲ್ಲ, ಅನುಭವ ಇರುವ ಮಾರ್ಗದರ್ಶಕರನ್ನೇ ಹುಡುಕಿಕೊಳ್ಳಿ.

ಇನ್ನು ಎಲ್ಲಿ ಸೇರುವುದು? ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ, 1985ರಲ್ಲಿ ಆಯಿತು, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ. ಅದಕ್ಕೂ ಮೊದಲು ಅಂಚೆ ತೆರಪಿನ ಶಿಕ್ಷಣ ಇತ್ತು, ಹಿರಿಯರಿಗೆ ನೆನಪಿರುತ್ತದೆ. ಮಾನ್ಯತೆ ಇರುವ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಎಲ್ಲ ಜಾಹೀರಾತನ್ನೂ ನಂಬಬೇಡಿ. ವಿಶ್ವವಿದ್ಯಾನಿಲಯದ ಹೆಸರಿಗೆ ಮಾತ್ರ ಮಾನ್ಯತೆ ಇದ್ದರೆ ಸಾಲದು. ನೀವು ಸೇರುವ ಕೋರ್ಸು, ನೀವು ಸೇರುವ ವರ್ಷಕ್ಕೆ, ಯುಜಿಸಿಯ ಪಟ್ಟಿಯಲ್ಲಿ ಇದೆಯೇ ಅಂತ ನೋಡಿಕೊಂಡೇ ದುಡ್ಡು ಕಟ್ಟಿ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧ ಬರೆಯುವಾಗ, ಅದರ ಮುಖ್ಯ ವಿಷಯವನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ. ನಿಮಗೆ ಉತ್ತರ ಕೊಟ್ಟ ಮನೆಗಳಿಗೆ ಹೋಗಿ ಓದಿ ಹೇಳಿ, ತಪ್ಪಿದ್ದರೆ ಅವರಿಂದಲೇ ತಿದ್ದಿಸಿ. ಒಂದು ಪ್ರತಿಯನ್ನು ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಅದನ್ನು ಎತ್ತಿ ಹಿಡಿದು ಪ್ರಶ್ನೆ ಕೇಳಲಿ. ನಮಸ್ಕಾರ.