ಆ ನೆಲ ಯಾರದ್ದು?

ಕೇಳುಗರಿಗೆಲ್ಲ ನಮಸ್ಕಾರ.

ಸಫಾರಿ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಸಿಂಹ, ಆನೆ, ತೆರೆದ ಜೀಪು, ಉದ್ದ ಲೆನ್ಸಿನ ಕ್ಯಾಮೆರಾ. ಮನುಷ್ಯರು ನೆನಪಾಗುವುದೇ ಇಲ್ಲ, ಅಲ್ವಾ? ನಾನು ಇವತ್ತು ಮಾತಾಡುವುದು ಆ ಮನುಷ್ಯರ ಬಗ್ಗೆ.

ಆಫ್ರಿಕಾಕ್ಕೆ ಸಫಾರಿಗೆ ಹೊರಟವರು ನನಗೆ ಫೋನ್ ಮಾಡುತ್ತಾರೆ. ಯಾವ ತಿಂಗಳು ಒಳ್ಳೆಯದು, ಚಿರತೆ ಸಿಗುತ್ತಾ, ಎಷ್ಟು ದಿನ ಸಾಕು ಎಂದು ಕೇಳುತ್ತಾರೆ. ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆಮೇಲೆ, ಹಣ ಕಟ್ಟುವ ಮುಂಚೆ ನೀವೊಂದು ಪ್ರಶ್ನೆ ಕೇಳಿ ಎನ್ನುತ್ತೇನೆ. ನಾವು ಜೀಪು ಓಡಿಸುವ ಆ ನೆಲ ಯಾರದ್ದು? ನಮ್ಮ ಹಣದಲ್ಲಿ ಅವರಿಗೆ ಏನು ಸಿಗುತ್ತದೆ? ಇಷ್ಟೇ. ಇವತ್ತಿನ ಮಾತಿನಲ್ಲಿ ನೀವು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಕೆನ್ಯಾದ ಮಾಸಾಯಿ ಮಾರಾ ನಿಮಗೆ ಗೊತ್ತು. ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ನದಿ ದಾಟುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಆ ರಕ್ಷಿತಾರಣ್ಯ ಸುಮಾರು 1,500 ಚದರ ಕಿಲೋಮೀಟರ್ ಇದೆ. ಕೇಳಲು ದೊಡ್ಡದು, ಪ್ರಾಣಿಗಳಿಗೆ ಸಾಲದು. ಕೆನ್ಯಾದ ಕಾಡುಪ್ರಾಣಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬದುಕುವುದು ಪಾರ್ಕುಗಳ ಹೊರಗೆ. ಮಾರಾದಲ್ಲಿ ಹೊರಗೆ ಅಂದರೆ ಮಾಸಾಯಿ ಜನರು ದನ ಮೇಯಿಸುವ ನೆಲ. ಮೊದಲು ಅದು ಊರೊಟ್ಟಿನ ಆಸ್ತಿಯಾಗಿತ್ತು. ಆಮೇಲೆ ಮನೆಮನೆಗೆ ಪಾಲಾಯಿತು, ಕೈಗೆ ಪತ್ರ ಬಂತು. ಪತ್ರ ಬಂದ ಮೇಲೆ ಬೇಲಿ ಹಾಕಬಹುದು, ಉಳಬಹುದು, ಮಾರಬಹುದು. ಬೇಲಿ ಬಂದರೆ ಸಿಂಹಕ್ಕೂ ಜಾಗವಿಲ್ಲ, ಸಫಾರಿಯೂ ಇಲ್ಲ.

ಆಗ ಅಲ್ಲಿನ ಜನ ಒಂದು ದಾರಿ ಹುಡುಕಿದರು. ಅಕ್ಕಪಕ್ಕದ ಜಮೀನಿನವರೆಲ್ಲ ನೆಲವನ್ನು ಒಟ್ಟುಗೂಡಿಸಿ ಸಫಾರಿ ಕ್ಯಾಂಪುಗಳಿಗೆ ಗುತ್ತಿಗೆ ಕೊಟ್ಟರು. ಇಂಥ ಒಟ್ಟು ನೆಲಕ್ಕೆ ಕನ್ಸರ್ವೆನ್ಸಿ ಎನ್ನುತ್ತಾರೆ. ಓಲಾರೆ ಒರೋಕ್ ಎಂಬ ಕನ್ಸರ್ವೆನ್ಸಿ 2006ರಲ್ಲಿ ಶುರುವಾಯಿತು. ಈಗ ಮಾರಾದ ಸುತ್ತ ಹತ್ತಕ್ಕೂ ಹೆಚ್ಚು ಇವೆ. ಎಕರೆ ಲೆಕ್ಕದಲ್ಲಿ ಬಾಡಿಗೆ. ಪ್ರವಾಸಿಗರು ಬಂದರೂ ಬಾಡಿಗೆ, ಬಾರದಿದ್ದರೂ ಬಾಡಿಗೆ ಎಂಬುದು ಒಪ್ಪಂದ. ಅದರ ಬದಲಿಗೆ ಆ ನೆಲದಲ್ಲಿ ಬೇಲಿ ಹಾಕುವಂತಿಲ್ಲ. ಟೆಂಟುಗಳು ಕಡಿಮೆ, ಜೀಪುಗಳೂ ಕಡಿಮೆ.

ಇದು ಲೆಕ್ಕದ ಮಾತಾಯಿತು. ನನಗೆ ಇದರ ಅರ್ಥವಾದದ್ದು ಒಂದು ಬೆಳಿಗ್ಗೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅಂಥದ್ದೇ ಒಂದು ಕನ್ಸರ್ವೆನ್ಸಿಯಲ್ಲಿ ನಾವು ಆರು ಜನ ಜೀಪಿನಲ್ಲಿದ್ದೆವು. ಗೈಡ್ ಇಪ್ಪತ್ತೈದು ವರ್ಷದ ಮಾಸಾಯಿ ಹುಡುಗ. ಸೂರ್ಯ ಆಗಷ್ಟೇ ಮೇಲೆ ಬರುತ್ತಿದ್ದ. ದೂರದ ಪೊದೆಯ ಹತ್ತಿರ ಸಿಂಹಿಣಿ, ಮೂರು ಮರಿಗಳು. ಅಲ್ಲಿ ಆಗಲೇ ಐದು ಜೀಪು ನಿಂತಿದ್ದವು. ನಮ್ಮ ಹುಡುಗ ದೂರದಲ್ಲೇ ಎಂಜಿನ್ ಆಫ್ ಮಾಡಿದ. "ಐದಕ್ಕಿಂತ ಜಾಸ್ತಿ ಹೋಗುವಂತಿಲ್ಲ. ಕಾಯೋಣ" ಅಂದ. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ನಮ್ಮಲ್ಲೊಬ್ಬರಿಗೆ ತಾಳ್ಮೆ ತಪ್ಪಿತು. ಇಷ್ಟು ದೂರದಿಂದ ಬಂದಿದ್ದೇವೆ, ಎಷ್ಟು ಬೇಕಾದರೂ ಕೊಡುತ್ತೇನೆ, ಹತ್ತಿರ ಹೋಗು ಎಂದು ಜೇಬಿಗೆ ಕೈ ಹಾಕಿದರು.

ಹುಡುಗ ಸಿಟ್ಟಾಗಲಿಲ್ಲ. ಎಡಗಡೆಯ ದಿಬ್ಬದ ಕಡೆ ಕೈ ತೋರಿಸಿದ. "ಆ ದಿಬ್ಬದಿಂದ ಈ ಹಳ್ಳದವರೆಗೆ ನಮ್ಮ ಅಪ್ಪನ ಜಮೀನು" ಅಂದ.

ಜೀಪಿನಲ್ಲಿ ಎಲ್ಲರೂ ಸುಮ್ಮನಾದೆವು. ನಾವು ಕೂತಿದ್ದು ಅವನ ಮನೆಯ ನೆಲದ ಮೇಲೆ! ಎರಡು ದಿನದಿಂದ ಅವನ ಜೊತೆ ತಿರುಗುತ್ತಿದ್ದೆವು. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ಅವನೇ ಹೇಳುತ್ತಾ ಹೋದ. ಹಿಂದಿನ ವರ್ಷ ಇದೇ ಸಿಂಹಿಣಿ ರಾತ್ರಿ ಅವರ ದೊಡ್ಡಿಯ ಮುಳ್ಳುಬೇಲಿ ನುಗ್ಗಿ ಎರಡು ಹಸು ಕೊಂದಿತ್ತು. ಒಂದು ಅವನ ತಾಯಿ ಹಾಲು ಕರೆಯುತ್ತಿದ್ದ ಹಸು. ಅಜ್ಜನ ಕಾಲವಾಗಿದ್ದರೆ ಬೆಳಗಾಗುವಷ್ಟರಲ್ಲಿ ಊರಿನ ಹುಡುಗರು ಈಟಿ ಹಿಡಿದು ಹೊರಡುತ್ತಿದ್ದರು. ಆ ಬೆಳಿಗ್ಗೆಯೂ ಕೆಲವರು ಹೊರಟು ನಿಂತಿದ್ದರಂತೆ. ತಡೆದವಳು ಅವನ ತಾಯಿಯೇ. "ತಂಗಿಯ ಸ್ಕೂಲ್ ಫೀಸ್ ಬರುವುದು ಈ ನೆಲದ ಬಾಡಿಗೆಯಿಂದ. ಸಿಂಹ ಇಲ್ಲದಿದ್ದರೆ ಬಾಡಿಗೆ ಯಾರು ಕೊಡುತ್ತಾರೆ ಅಂದಳು ಅಮ್ಮ" ಎಂದ. ಅಷ್ಟು ಹೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆದರೂ ಅಮ್ಮ ಆ ಹಸುವಿಗಾಗಿ ಒಂದು ವಾರ ಅತ್ತಳು" ಅಂದ.

ಅಷ್ಟರಲ್ಲಿ ಎರಡು ಜೀಪು ಹೊರಟವು. ನಮ್ಮ ಸರದಿ ಬಂತು. ಹತ್ತಿರ ಹೋದಾಗ ಮರಿಗಳು ತಾಯಿಯ ಬಾಲ ಹಿಡಿದು ಎಳೆಯುತ್ತಿದ್ದವು. ಜೇಬಿಗೆ ಕೈ ಹಾಕಿದ್ದರಲ್ಲ, ಅವರು ಕ್ಯಾಮೆರಾ ಎತ್ತಲೇ ಇಲ್ಲ. ಆ ಸಿಂಹಿಣಿಯನ್ನು ಸುಮ್ನೆ ನೋಡುತ್ತಾ ಕೂತರು.

ನೋಡಿ, ಆ ಸಿಂಹವನ್ನು ಉಳಿಸಿದ್ದು ನಾವಲ್ಲ, ಹಸು ಕಳೆದುಕೊಂಡ ಆ ತಾಯಿ. ನಷ್ಟ ಅವರದ್ದು, ಹಾಗಾದರೆ ಲಾಭವೂ ಅವರಿಗೆ ಹೋಗಬೇಕು. ಇದನ್ನು ದಾನ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಬಾಡಿಗೆ ಕೊಡುವುದು ದಾನವಲ್ಲ. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಆ ನೆಲ ಯಾರದ್ದು ಎಂದು ಕೇಳಿ.

ಸಮಯ ಆಗಲೇ ಸಾಕಷ್ಟು ಹೋಗಿದೆ. ಇನ್ನೆರಡು ದೇಶಗಳ ಮಾತನ್ನು ಬೇಗ ಹೇಳಿಬಿಡುತ್ತೇನೆ.

ನಮೀಬಿಯಾದಲ್ಲಿ 1996ರಲ್ಲಿ ಕಾನೂನನ್ನೇ ಬದಲಿಸಿದರು. ಊರಿನವರು ಸಂಘ ಕಟ್ಟಿಕೊಂಡು ನೋಂದಾಯಿಸಿದರೆ, ತಮ್ಮ ನೆಲದ ಕಾಡುಪ್ರಾಣಿಗಳಿಂದ ಬರುವ ಆದಾಯದ ಮೇಲೆ ಅವರಿಗೇ ಹಕ್ಕು. 1998ರಲ್ಲಿ ನಾಲ್ಕು ಸಂಘಗಳಿದ್ದವು, ಈಗ ಎಂಬತ್ತಕ್ಕೂ ಹೆಚ್ಚು. ಕಳ್ಳಬೇಟೆ ತಡೆಯಲು ಗಸ್ತು ತಿರುಗುವವರಿಗೆ ಸಂಬಳ ಕೊಡುವುದೂ ಇಂಥ ಸಂಘಗಳೇ. ಕಾಯುವವರು ಆ ಊರಿನವರೇ.

ರುವಾಂಡಾದಲ್ಲಿ ಬೆಟ್ಟದ ಗೊರಿಲ್ಲಾಗಳನ್ನು ನೋಡುವ ಪರವಾನಗಿಯ ದರವನ್ನು 2017ರಲ್ಲಿ ಒಬ್ಬರಿಗೆ 1,500 ಡಾಲರಿಗೆ ಏರಿಸಿದರು. ದುಬಾರಿ ಎಂದು ಗೊಣಗಿದವರು ಬಹಳ. ಆದರೆ ಅದೇ ವರ್ಷ, ಪಾರ್ಕುಗಳ ಪ್ರವಾಸೋದ್ಯಮದ ಆದಾಯದಲ್ಲಿ ಸುತ್ತಲಿನ ಹಳ್ಳಿಗಳಿಗೆ ಕೊಡುವ ಪಾಲನ್ನು ನೂರಕ್ಕೆ 5ರಿಂದ 10ಕ್ಕೆ ಏರಿಸಿದರು. ಶಾಲೆ, ನೀರು, ಆರೋಗ್ಯ ಕೇಂದ್ರ ಆ ಹಣದಿಂದ ಆಗುತ್ತವೆ. ಹತ್ತು ಸಾಲದು, ಇನ್ನೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಎಲ್ಲಾ ಕಡೆ ಹೀಗೆ ನಡೆಯುವುದಿಲ್ಲ. ಬಹಳ ಸಲ ಪ್ಯಾಕೇಜಿನ ಹಣ ವಿಮಾನಕ್ಕೆ, ಏಜೆಂಟರಿಗೆ, ದೂರದ ನಗರದ ಮಾಲೀಕರಿಗೆ ಹೋಗುತ್ತದೆ. ಹಳ್ಳಿಗೆ ಉಳಿಯುವುದು ಜೀಪಿನ ಧೂಳು. 2020ರಲ್ಲಿ ಕೊರೋನಾ ಬಂದು ಪ್ರವಾಸ ನಿಂತಾಗ ಮಾರಾದಲ್ಲೂ ಬಾಡಿಗೆಗೆ ಕತ್ತರಿ ಬಿತ್ತು. ಹಾಗಾಗಿ ಸಫಾರಿಯೊಂದನ್ನೇ ನಂಬಿ ಬದುಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದನವೂ ಇರಬೇಕು, ಬಾಡಿಗೆಯೂ ಬರಬೇಕು. ಮಾರಾದಲ್ಲಿ ಜಮೀನಿನ ಪತ್ರ ಹೆಚ್ಚಾಗಿ ಗಂಡಸರ ಹೆಸರಿನಲ್ಲಿದೆ. ಬಾಡಿಗೆಯೂ ಅವರ ಕೈಗೇ ಬರುತ್ತದೆ. ಅದಕ್ಕೇ ಹೆಂಗಸರು ಮಣಿಸರ ಮಾರಲು ಬಂದರೆ ಅವರ ಹತ್ತಿರವೇ ಕೊಳ್ಳಿ. ಚೌಕಾಸಿ ಬೇಡ. ಕೇಳದೆ ಫೋಟೋ ತೆಗೆಯಬೇಡಿ. ಇದರ ಬಗ್ಗೆ ಹೇಳುವುದು ಬಹಳ ಇತ್ತು, ಸಮಯವಿಲ್ಲ.

ಕೊನೆಗೆ ಒಂದು ಕಿವಿಮಾತು. ಈ ಪ್ರಶ್ನೆಯನ್ನು ಬುಕಿಂಗ್ ಮಾಡುವ ಮುಂಚೆಯೇ ಬರೆದು ಕೇಳಿ. ಪ್ರಾಮಾಣಿಕವಾಗಿ ಕೊಡುತ್ತಿರುವ ಕ್ಯಾಂಪಿನವರು ಎಷ್ಟು ಎಕರೆ, ಎಷ್ಟು ಮನೆ, ಎಷ್ಟು ಬಾಡಿಗೆ ಎಂದು ಖುಷಿಯಿಂದ ಉತ್ತರ ಬರೆಯುತ್ತಾರೆ. ನನಗೊಮ್ಮೆ ಎರಡು ಪುಟದ ಉತ್ತರ ಬಂದಿತ್ತು. ಇನ್ನೊಂದು ಕಡೆಯಿಂದ ಸೂರ್ಯಾಸ್ತದ ಫೋಟೋ ಇರುವ ಜಾಹೀರಾತು ಮಾತ್ರ ಬಂತು. ನಾನು ಎರಡು ಪುಟ ಬರೆದವರ ಹತ್ತಿರ ಹೋದೆ.

ನಮಸ್ಕಾರ.